ಪ್ರೇಮದೇವತೆಗಳ ಚಿತ್ರವನ್ನು ನೋಡುವ ಕ್ರಮ: ವೀನಸ್, ಕ್ಯೂಪಿಡ್ ಮತ್ತು ಅವರ ಪರಿವಾರ

ಪುನರುಜ್ಜೀವನ ಕಾಲದ ಇಟಲಿಯಲ್ಲಿ, ಅಂದರೆ ಮುಖ್ಯವಾಗಿ 15 ಮತ್ತು 16ನೆಯ ಶತಮಾನಗಳಲ್ಲಿ, ಕ್ರೈಸ್ತ ಸಂತರನ್ನು ಬರೆಯುತ್ತಿದ್ದ ಕಲಾವಿದರೇ ಗ್ರೀಕ್ ಮತ್ತು ರೋಮನ್ ಪುರಾಣಗಳ ಪ್ರೇಮದೇವತೆಗಳನ್ನೂ ಬರೆದರು. ಪ್ರೇಮದ ದೇವತೆ ವೀನಸ್, ಅವಳ ಮಗ ಕ್ಯೂಪಿಡ್, ಅವಳ ಪ್ರಿಯಕರನಾದ ಯುದ್ಧದೇವತೆ ಮಾರ್ಸ್, ಗಂಡನಾದ ಕಮ್ಮಾರದೇವತೆ ವಲ್ಕನ್, ಬೇಟೆಗಾರ ಅಡೋನಿಸ್, ಕ್ಯೂಪಿಡ್‌ನನ್ನು ಮದುವೆಯಾದ ಸೈಕಿ ಇವರೆಲ್ಲ ಆ ಕಾಲದ ಶ್ರೀಮಂತರ ಕೋಣೆಗಳ ಗೋಡೆ, ಮಾಳಿಗೆ, ಮದುವೆಯ ಪೆಟ್ಟಿಗೆಗಳ ಮೇಲೆ ನೆಲೆಗೊಂಡರು. ಇಂದು ಇವರನ್ನು ಪುಸ್ತಕದಲ್ಲೋ ಪರದೆಯ ಮೇಲೋ ನೋಡುವ ನಮ್ಮಲ್ಲಿ ಬಹುಮಂದಿ ಮೊದಲು ಹೆಸರನ್ನು ಓದಿ, ‘ಓಹೋ, ವೀನಸ್’ ಎಂದುಕೊಂಡು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇವೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ಈ ಲೇಖನದ ಉದ್ದೇಶ. ಮೊದಲು ಚಿತ್ರದ ಅಳತೆಯನ್ನು, ಬಳಿಕ ಅದರೊಳಗಿನ ವಸ್ತುಗಳನ್ನು, ಆಮೇಲೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು, ಅನಂತರ ಕಥೆಯನ್ನು, ಅದಾದ ಮೇಲೆ ಚಿತ್ರವಿದ್ದ ಮನೆಯನ್ನು ವಿಚಾರಿಸಬೇಕು. ಹೆಸರು ಮತ್ತು ಅರ್ಥ ಕೊನೆಗೆ ಬರಲಿ.

ಮೊದಲ ಹೆಜ್ಜೆ: ಚಿತ್ರದ ನಿಜವಾದ ಅಳತೆಯನ್ನು ತಿಳಿಯಿರಿ

ಮೊಬೈಲಿನ ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಗಾತ್ರವಾಗಿ ಕಾಣುವುದರಿಂದ ನೋಟ ಅಲ್ಲಿಯೇ ದಾರಿ ತಪ್ಪುತ್ತದೆ. ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿರುವ, ಕಲಾವಿದ ಬಾಟಿಚೆಲ್ಲಿಯ ‘ಪ್ರಿಮವೇರಾ’ (ವಸಂತ) ಎರಡು ಮೀಟರಿಗೂ ತುಸು ಹೆಚ್ಚು ಎತ್ತರ, ಮೂರು ಮೀಟರಿಗೂ ಮಿಕ್ಕ ಅಗಲ ಇರುವ ಹಲಗೆ. ಅದರಲ್ಲಿನ ಆಕೃತಿಗಳು ಹೆಚ್ಚುಕಡಿಮೆ ಆಳೆತ್ತರಕ್ಕಿವೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಪೊಲ್ಲಾಯುಓಲೊನ ‘ಅಪೊಲೊ ಮತ್ತು ಡ್ಯಾಫ್ನಿ’ಯಾದರೋ ಸುಮಾರು 30 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲ ಮಾತ್ರ, ಕೈಯಲ್ಲಿ ಹಿಡಿದು ನೋಡಬಹುದಾದಷ್ಟು. ಒಂದು ಕೋಣೆಯನ್ನೇ ಆಳುತ್ತಿದ್ದ ಚಿತ್ರ, ಇನ್ನೊಂದು ಹತ್ತಿರ ಹಿಡಿದು ಸವಿಯುವ ಚಿತ್ರ. ನ್ಯಾಷನಲ್ ಗ್ಯಾಲರಿಯೂ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯವೂ ತಮ್ಮ ಜಾಲತಾಣಗಳಲ್ಲಿ ಚಿತ್ರಗಳನ್ನು ಬಹಳ ಹಿಗ್ಗಿಸಿ ನೋಡುವ ಅನುಕೂಲವನ್ನು ಉಚಿತವಾಗಿ ಕಲ್ಪಿಸಿವೆ. ಮೊದಲು ಅಳತೆಯನ್ನು ಓದಿ, ಗೋಡೆಯ ಮೇಲೆ ಅಷ್ಟು ಜಾಗವನ್ನು ಕೈಯಿಂದ ಅಳೆದುಕೊಂಡು, ಆಮೇಲೆ ಹಿಗ್ಗಿಸಲು ತೊಡಗಿರಿ.

ಎರಡನೆಯ ಹೆಜ್ಜೆ: ಕೈಯಲ್ಲಿ, ಕಾಲ ಬಳಿ, ತಲೆಯ ಮೇಲೆ ಏನಿದೆ?

ಪುರಾಣದ ವ್ಯಕ್ತಿಗಳನ್ನು ಮುಖದಿಂದ ಗುರುತಿಸಲಾಗುವುದಿಲ್ಲ, ಅವರ ಜೊತೆಗಿರುವ ವಸ್ತು ಮತ್ತು ಪ್ರಾಣಿಗಳಿಂದ ಗುರುತಿಸಬೇಕು. ಗುಲಾಬಿ, ಮರ್ಟಲ್ ಗಿಡ, ಪಾರಿವಾಳ, ಹಂಸ, ಕಡಲ ಚಿಪ್ಪು, ಮೂವರು ದೇವತೆಯರಲ್ಲಿ ಯಾರು ಚೆಲುವೆಯೆಂದು ಟ್ರಾಯ್ ನಗರದ ರಾಜಕುಮಾರ ಪ್ಯಾರಿಸ್ ಕೊಟ್ಟ ತೀರ್ಪಿನಲ್ಲಿ ಗೆದ್ದ ಚಿನ್ನದ ಸೇಬು ಇವು ವೀನಸ್‌ಳ ಗುರುತುಗಳು. ಕಳಚಿಟ್ಟ ಕವಚ, ಶಿರಸ್ತ್ರಾಣ, ಈಟಿಗಳಿದ್ದರೆ ಮಾರ್ಸ್. ಬೇಟೆನಾಯಿಗಳ ಹಗ್ಗ ಹಿಡಿದ ತರುಣ ಅಡೋನಿಸ್. ಸುತ್ತಿಗೆ, ಅಡಿಗಲ್ಲು, ಕುಲುಮೆಯ ಬಳಿಯಿರುವವನು ವಲ್ಕನ್. ರೆಕ್ಕೆಯ ಪಾದರಕ್ಷೆ ತೊಟ್ಟು ಹಾವು ಸುತ್ತಿದ ದಂಡವನ್ನು ಹಿಡಿದವನು ದೇವತೆಗಳ ದೂತ ಮರ್ಕ್ಯುರಿ. ಕೈ ಕೈ ಹಿಡಿದ ಮೂವರು ತರುಣಿಯರು ವೀನಸ್‌ಳ ಸಖಿಯರಾದ ಗ್ರೇಸ್ ದೇವತೆಗಳು. ಬರ್ಲಿನ್ನಿನಲ್ಲಿರುವ ಪಿಯೆರೊ ದಿ ಕೊಸಿಮೊನ ಚಿತ್ರದಲ್ಲಿ ನಿದ್ರಿಸುವ ಮಾರ್ಸ್ ಮತ್ತು ಎಚ್ಚರವಿರುವ ವೀನಸ್‌ಳ ನಡುವೆ ಒಂದು ಜೋಡಿ ಪಾರಿವಾಳ, ವೀನಸ್‌ಳ ಕಾಲಿನ ಮೇಲೆ ಒಂದು ಚಿಟ್ಟೆ, ಅವಳನ್ನು ಒರಗಿಕೊಂಡ ಕ್ಯೂಪಿಡ್‌ನ ಹತ್ತಿರ ಒಂದು ಬಿಳಿ ಮೊಲ ಇವೆ. ಇವುಗಳಲ್ಲಿ ಯಾವುದೂ ಅಲಂಕಾರಕ್ಕಾಗಿ ಮಾತ್ರ ಬಂದದ್ದಲ್ಲ.

ಕ್ಯೂಪಿಡ್‌ನ ವಿಷಯದಲ್ಲಿ ಕನ್ನಡದ ಓದುಗರು ಸ್ವಲ್ಪ ಹೆಚ್ಚಿನ ಎಚ್ಚರ ವಹಿಸಬೇಕು, ಏಕೆಂದರೆ ಬಿಲ್ಲುಬಾಣ ಕಂಡ ಕೂಡಲೇ ನಮಗೆ ಮನ್ಮಥನ ನೆನಪಾಗುತ್ತದೆ. ಮನ್ಮಥನು ರತಿಯ ಪತಿ, ಪ್ರಾಯದ ಚೆಲುವ, ಕಬ್ಬಿನ ಬಿಲ್ಲಿನಿಂದ ಐದು ಹೂಬಾಣಗಳನ್ನು ಬಿಡುವವನು. ಕ್ಯೂಪಿಡ್‌ನಾದರೋ ಬಹುತೇಕ ಚಿತ್ರಗಳಲ್ಲಿ ತಾಯಿಯ ಬಳಿಯಿರುವ ಮಗು. ರೋಮನ್ ಕವಿ ಓವಿಡ್ ತನ್ನ ‘ಮೆಟಮಾರ್ಫಸಿಸ್’ ಕಾವ್ಯದಲ್ಲಿ ಹೇಳುವ ಪ್ರಕಾರ ಅವನ ಬತ್ತಳಿಕೆಯಲ್ಲಿ ಎರಡು ಬಗೆಯ ಬಾಣಗಳಿವೆ: ಚಿನ್ನದ ಮೊನೆಯದು ಒಲವನ್ನು ಹುಟ್ಟಿಸುತ್ತದೆ, ಸೀಸದ ಮೊನೆಯದು ಒಲವನ್ನು ಓಡಿಸುತ್ತದೆ. ಅಪೊಲೊ ದೇವನಿಗೆ ಚಿನ್ನದ ಬಾಣ ತಾಗಿತು, ವನದೇವತೆ ಡ್ಯಾಫ್ನಿಗೆ ಸೀಸದ್ದು ತಾಗಿತು; ಅವನಿಂದ ತಪ್ಪಿಸಿಕೊಳ್ಳಲು ಓಡಿದ ಅವಳು ಕೊನೆಗೆ ಲಾರೆಲ್ ಮರವಾದಳು. ಪೊಲ್ಲಾಯುಓಲೊನ ಆ ಪುಟ್ಟ ಚಿತ್ರದಲ್ಲಿ ಅಪೊಲೊ ಅವಳನ್ನು ಹಿಡಿದ ಕ್ಷಣಕ್ಕೇ ಅವಳ ಎರಡೂ ತೋಳುಗಳು ಲಾರೆಲ್ ಮರದ ದೊಡ್ಡ ಹೊದರುಗಳಾಗಿ ಚಾಚಿಕೊಂಡಿವೆ. ಕ್ಯೂಪಿಡ್‌ನ ಕಣ್ಣಿಗೆ ಬಟ್ಟೆ ಕಟ್ಟಿದೆಯೇ ಇಲ್ಲವೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಮಧ್ಯಯುಗದ ನೀತಿಬೋಧಕರಿಗೆ ಆ ಬಟ್ಟೆ ವಿವೇಕವಿಲ್ಲದ ಕಾಮದ ಗುರುತಾಗಿತ್ತು; ಫಿಲಡೆಲ್ಫಿಯಾದಲ್ಲಿರುವ, ಜರ್ಮನಿಯ ಕಲಾವಿದ ಕ್ರಾನಾಖ್‌ನ ಚಿತ್ರವೊಂದರಲ್ಲಿ ಕ್ಯೂಪಿಡ್ ಪ್ಲೇಟೊನ ಗ್ರಂಥದ ಮೇಲೆ ನಿಂತು ತನ್ನ ಕಣ್ಣಪಟ್ಟಿಯನ್ನು ತಾನೇ ಕಳಚುತ್ತಿದ್ದಾನೆ.

ವಸ್ತುಗಳು ಇಲ್ಲದ ಕಡೆ ಹೆಸರಿಡಲು ಆತುರಪಡಬಾರದು. ವೆನಿಸ್ಸಿನ ಕಲಾವಿದ ಟಿಷಿಯನ್ 1538ರಲ್ಲಿ ಮುಗಿಸಿದ, ಈಗ ‘ಉರ್ಬಿನೊದ ವೀನಸ್’ ಎಂದು ಹೆಸರಾಗಿರುವ ಚಿತ್ರದಲ್ಲಿ ಕ್ಯೂಪಿಡ್ ಇಲ್ಲ, ಚಿಪ್ಪಿಲ್ಲ, ಪಾರಿವಾಳವಿಲ್ಲ. ಮಂಚದ ಮೇಲೆ ಮಲಗಿದವಳ ಕೈಯಲ್ಲಿ ಗುಲಾಬಿಯಿದೆ, ಕಿಟಕಿಯಲ್ಲಿ ಮರ್ಟಲ್ ಕುಂಡವಿದೆ, ಕಾಲ ಬಳಿ ನಾಯಿಮರಿಯೊಂದು ನಿದ್ರಿಸುತ್ತಿದೆ, ಹಿಂದೆ ಇಬ್ಬರು ದಾಸಿಯರು ಬಟ್ಟೆಯ ಪೆಟ್ಟಿಗೆಯ ಬಳಿ ಇದ್ದಾರೆ. ಅದನ್ನು ಕೊಂಡ, ಉರ್ಬಿನೊದ ಆಳುವ ಮನೆತನದ ಗುಯಿದೊಬಾಲ್ದೊ ದೆಲ್ಲಾ ರೊವೆರೆ ತನ್ನ ಪತ್ರದಲ್ಲಿ ಅದನ್ನು ‘ಬೆತ್ತಲೆ ಹೆಂಗಸು’ ಎಂದಷ್ಟೇ ಕರೆದಿದ್ದಾನೆ. ಅದನ್ನು ವೀನಸ್ ಎಂದು ಬರೆದವನು ಅನಂತರ ಕಲಾವಿದರ ಜೀವನಚರಿತ್ರೆಗಳನ್ನು ರಚಿಸಿದ ವಸಾರಿ. ಗುಲಾಬಿ ಮತ್ತು ಮರ್ಟಲ್‌ಗಳಿಂದಾಗಿ ವಸಾರಿಯ ಮಾತನ್ನು ತಳ್ಳಿಹಾಕಲಾಗುವುದಿಲ್ಲ, ಆದರೆ ಮನೆಯೊಳಗಿನ ಈ ಹೆಂಗಸನ್ನು ಪೂರ್ತಿಯಾಗಿ ದೇವತೆಯೆನ್ನಲೂ ಆಗುವುದಿಲ್ಲ. ನನ್ನ ಮಟ್ಟಿಗೆ ಆ ಚಿತ್ರದ ಬಲವೆಲ್ಲ ಈ ತೀರ್ಮಾನವಾಗದ ಸ್ಥಿತಿಯಲ್ಲಿಯೇ ಇದೆ.

ಮೂರನೆಯ ಹೆಜ್ಜೆ: ನೋಟ ಮತ್ತು ಚಲನೆಯನ್ನು ಹಿಂಬಾಲಿಸಿ

ಈ ಹೆಜ್ಜೆಯನ್ನು ಕಲಿಯಲು ‘ಪ್ರಿಮವೇರಾ’ಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಸುಮಾರು 1480ರಲ್ಲಿ ಟೆಂಪೆರಾ ಬಣ್ಣದಲ್ಲಿ (ಮೊಟ್ಟೆಯ ಲೋಳೆಯಂಥ ಅಂಟಿನಲ್ಲಿ ಕಲಸಿದ ಬಣ್ಣ) ಬರೆದ ಈ ಚಿತ್ರವನ್ನು ಎಡದಿಂದ ಬಲಕ್ಕೆ ಓದಲು ಹೋದರೆ ಕಥೆ ಬಿಡಿಸಿಕೊಳ್ಳುವುದಿಲ್ಲ, ಬಲದಿಂದ ಎಡಕ್ಕೆ ಓದಬೇಕು. ಬಲತುದಿಯಲ್ಲಿ ಕೆನ್ನೆ ಉಬ್ಬಿಸಿಕೊಂಡು, ನೀಲಿ ಹಸಿರು ಮೈಬಣ್ಣದಲ್ಲಿ ಮರಗಳ ನಡುವಿನಿಂದ ನುಗ್ಗಿಬರುವವನು ಪಶ್ಚಿಮದ ಗಾಳಿಯಾದ ಝೆಫಿರಸ್. ಅವನು ಹಿಡಿಯುತ್ತಿರುವ ವನದೇವತೆ ಕ್ಲೋರಿಸ್ ಹಿಂತಿರುಗಿ ಅವನನ್ನೇ ನೋಡುತ್ತಿದ್ದಾಳೆ. ಅವಳ ಬಾಯನ್ನು ಹಿಗ್ಗಿಸಿ ನೋಡಿ: ತುಟಿಗಳ ನಡುವಿನಿಂದ ಹೂಬಳ್ಳಿಯೊಂದು ಹೊರಬಂದು, ಅವಳ ಪಕ್ಕದಲ್ಲಿ ನಿಂತವಳ ಹೂವಿನ ಉಡುಪಿನೊಂದಿಗೆ ಬೆರೆತುಹೋಗುತ್ತದೆ. ಆ ಪಕ್ಕದವಳು ಬೇರೊಬ್ಬಳಲ್ಲ. ಝೆಫಿರಸ್ ಬಲಾತ್ಕಾರವಾಗಿ ಹಿಡಿದ ಕ್ಲೋರಿಸ್‌ಳೇ ಮದುವೆಯ ಬಳಿಕ ಹೂಗಳ ಒಡತಿ ಫ್ಲೋರಾ ಆದಳೆಂದು ಓವಿಡ್ ತನ್ನ ‘ಫಾಸ್ತಿ’ಯಲ್ಲಿ ಹೇಳಿದ್ದಾನೆ; ಬಾಟಿಚೆಲ್ಲಿ ಆ ಮೊದಲು ಮತ್ತು ಆಮೇಲೆ ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿದ್ದಾನೆ. ಫ್ಲೋರಾ ಮಡಿಲಿನ ಗುಲಾಬಿಗಳನ್ನು ಚೆಲ್ಲುತ್ತ ನೇರವಾಗಿ ನಮ್ಮ ಕಡೆಗೆ ನಡೆದು ಬರುತ್ತಾಳೆ. ಮದುವೆಯ ಮನೆಗೆಂದು ಬರೆದಿರಬಹುದಾದ ಚಿತ್ರವೊಂದು ಬಲಾತ್ಕಾರದಿಂದ ಆರಂಭವಾಗಿ ಹೂವಿನಲ್ಲಿ ಮುಗಿಯುವುದು ಇಂದಿನ ಓದುಗರಿಗೆ ಸುಲಭವಾಗಿ ಒಪ್ಪಿತವಾಗಲಾರದು, ಒಪ್ಪಿತವಾಗಬೇಕಾಗಿಯೂ ಇಲ್ಲ. ಆದರೆ ಕ್ಲೋರಿಸ್‌ಳ ಮುಖದ ಭಯವನ್ನು ಕಲಾವಿದ ಮರೆಮಾಚಿಲ್ಲ ಎಂಬುದನ್ನು ಗಮನಿಸಬೇಕು.

ನಡುವೆ, ಉಳಿದವರಿಗಿಂತ ತುಸು ಹಿಂದೆ, ಬಟ್ಟೆ ಉಟ್ಟು ಕೈಯೆತ್ತಿ ನಿಂತವಳು ವೀನಸ್. ಅವಳ ಹಿಂದೆ ಮರ್ಟಲ್ ಪೊದೆ ಕಮಾನಿನಂತೆ ತೆರೆದುಕೊಂಡಿದೆ. ಅವಳ ತಲೆಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕ್ಯೂಪಿಡ್ ಉರಿಯುವ ಮೊನೆಯ ಬಾಣ ಹೂಡಿದ್ದಾನೆ. ಬಾಣದ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರೆ ಅದು ನೃತ್ಯಮಾಡುತ್ತಿರುವ ಮೂವರು ಗ್ರೇಸ್ ದೇವತೆಗಳ ಕಡೆಗೆ, ಅದರಲ್ಲಿಯೂ ನಡುವಿನವಳ ಕಡೆಗೆ ಹೋಗುತ್ತದೆ. ನಡುವಿನವಳ ಮುಖ ತಿರುಗಿರುವುದು ಎಡತುದಿಯ ಮರ್ಕ್ಯುರಿಯತ್ತ. ಮರ್ಕ್ಯುರಿ ಯಾರನ್ನೂ ನೋಡುತ್ತಿಲ್ಲ, ಬೆನ್ನು ತಿರುಗಿಸಿ ತನ್ನ ದಂಡದಿಂದ ಮೋಡಗಳನ್ನು ಚದುರಿಸುತ್ತಿದ್ದಾನೆ. ಹೀಗೆ ನೆಲದ ಗಾಳಿಯಾಗಿ ಬಲದಲ್ಲಿ ನುಗ್ಗಿದ ಪ್ರೇಮವು ಎಡತುದಿಗೆ ಬರುವಷ್ಟರಲ್ಲಿ ಆಕಾಶದತ್ತ ಮುಖ ಮಾಡುತ್ತದೆ. ಇದು ಪ್ಲೇಟೊನ ಪ್ರೇಮತತ್ತ್ವದ ಚಿತ್ರವೆಂದು ಹಲವು ವಿದ್ವಾಂಸರು, ಮದುವೆಯ ಉಪದೇಶವೆಂದು ಕೆಲವರು, ವಸಂತದ ತಿಂಗಳುಗಳ ಸಾಲೆಂದು ಮತ್ತೆ ಕೆಲವರು ವಾದಿಸಿದ್ದಾರೆ. ಯಾವ ವಾದವನ್ನು ಒಪ್ಪಿದರೂ ಅದು ಈ ನೋಟಗಳ ಸರಪಳಿಗೆ ಉತ್ತರ ಕೊಡಬೇಕು. ಕೊಡದ ವಾದವನ್ನು ಬದಿಗಿಡಿ.

ನಾಲ್ಕನೆಯ ಹೆಜ್ಜೆ: ಕಥೆಯನ್ನು ಓದಿ, ಚಿತ್ರ ಎಲ್ಲಿ ಕಥೆಯನ್ನು ಬಿಟ್ಟಿದೆ ಎಂದು ಹುಡುಕಿ

ಈ ಕಲಾವಿದರ ಮುಖ್ಯ ಆಕರ ಓವಿಡ್. ಕ್ಯೂಪಿಡ್ ಮತ್ತು ಸೈಕಿಯರ ಕಥೆಗೆ ರೋಮನ್ ಲೇಖಕ ಅಪುಲೇಯಸ್‌ನ ‘ಚಿನ್ನದ ಕತ್ತೆ’ ಆಧಾರ. ರೋಮಿನಲ್ಲಿ ಬ್ಯಾಂಕರ್ ಅಗೊಸ್ತಿನೊ ಕೀಜಿಯ ವಿಲ್ಲಾದ, ಈಗ ಫಾರ್ನೆಸೀನಾ ಎನ್ನುವ ಮನೆಯ, ಮೊಗಸಾಲೆಯ ಮಾಳಿಗೆಯಲ್ಲಿ ರಾಫೆಲ್‌ನ ತಂಡ 1518ರ ಹೊತ್ತಿಗೆ ಬರೆದದ್ದು ಈ ಕಥೆಯನ್ನೇ. ಅಲ್ಲಿ ದೇವತೆಗಳ ಸುತ್ತ ಜೊವಾನ್ನಿ ದಾ ಉದೀನೆ ಬರೆದ ಹಣ್ಣುತರಕಾರಿಗಳ ತೋರಣಗಳಲ್ಲಿ, ಅಮೆರಿಕದಿಂದ ಆಗಷ್ಟೇ ಯುರೋಪಿಗೆ ಬಂದಿದ್ದ ಮೆಕ್ಕೆಜೋಳದ ತೆನೆಗಳೂ ಇವೆ.

ಕಥೆ ತಿಳಿದಿದ್ದರೆ ಕಲಾವಿದನು ಮಾಡಿದ ಬದಲಾವಣೆ ಎದ್ದು ಕಾಣುತ್ತದೆ. ಓವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದ ಹತ್ತನೆಯ ಸರ್ಗದಲ್ಲಿ ವೀನಸ್ ತನ್ನ ಪ್ರಿಯ ಅಡೋನಿಸ್‌ನಿಗೆ ಕ್ರೂರಮೃಗಗಳ ತಂಟೆಗೆ ಹೋಗಬೇಡವೆಂದು ಎಚ್ಚರಿಸಿ ಹಂಸಗಳ ರಥವೇರಿ ಹೊರಟುಹೋಗುತ್ತಾಳೆ. ಅವಳು ಹೋದ ಮೇಲೆ ಅವನು ಬೇಟೆಗೆ ಹೋಗಿ ಕಾಡುಹಂದಿಯ ಕೋರೆಗೆ ಬಲಿಯಾಗುತ್ತಾನೆ. ಟಿಷಿಯನ್ ಸ್ಪೇನಿನ ಎರಡನೆಯ ಫಿಲಿಪ್‌ನಿಗಾಗಿ ಬರೆದು 1554ರಲ್ಲಿ ಕಳುಹಿಸಿದ, ಈಗ ಮ್ಯಾಡ್ರಿಡ್‌ನ ಪ್ರಾಡೊದಲ್ಲಿರುವ ಚಿತ್ರದಲ್ಲಿ ಹೊರಟು ನಿಂತವನು ಅಡೋನಿಸ್. ವೀನಸ್ ನಮಗೆ ಬೆನ್ನು ಹಾಕಿ, ಮೈಯನ್ನೆಲ್ಲ ತಿರುಚಿ ಅವನ ಎದೆಯನ್ನು ತಬ್ಬಿ ತಡೆಯುತ್ತಿದ್ದಾಳೆ. ಅವನು ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದಾನೆ. ಹಿಂದೆ ಮರದಡಿಯಲ್ಲಿ ಕ್ಯೂಪಿಡ್ ಮಲಗಿ ನಿದ್ರೆ ಹೋಗಿದ್ದಾನೆ, ಅವನ ಬತ್ತಳಿಕೆ ಮರಕ್ಕೆ ನೇತುಬಿದ್ದಿದೆ. ಪ್ರೇಮದ ಬಾಣಗಳೆಲ್ಲ ಮರಕ್ಕೆ ತೂಗುಬಿದ್ದಿರುವಾಗ ಪ್ರೇಮದ ದೇವತೆಯೂ ಒಬ್ಬ ತರುಣನನ್ನು ಹಿಡಿದಿಟ್ಟುಕೊಳ್ಳಲಾರಳು ಎಂಬ ಮಾತು ಓವಿಡ್‌ನಲ್ಲಿ ಇಲ್ಲ, ಅದು ಟಿಷಿಯನ್‌ನದು. ಬೆನ್ನಿನ ಭಂಗಿಯೂ ಆಕಸ್ಮಿಕವಲ್ಲ: ಹಿಂದೆ ಕಳುಹಿಸಿದ ‘ಡಾನೆ’ ಎಂಬ ಚಿತ್ರದಲ್ಲಿ ದೇಹವನ್ನು ಮುಂದಿನಿಂದ ತೋರಿಸಿದ್ದೆ, ಇದರಲ್ಲಿ ಹಿಂದಿನಿಂದ ತೋರಿಸಿದ್ದೇನೆ ಎಂಬರ್ಥದಲ್ಲಿ ಅವನು ಫಿಲಿಪ್‌ನಿಗೆ ಪತ್ರ ಬರೆದಿದ್ದ. ಎರಡು ಚಿತ್ರಗಳನ್ನೂ ಒಂದೇ ಕೋಣೆಯಲ್ಲಿ ನೋಡುವವನಿಗಾಗಿ ಅವನು ಯೋಚಿಸಿದ್ದಾನೆ.

ಐದನೆಯ ಹೆಜ್ಜೆ: ಇದು ಯಾರ ಮನೆಯಲ್ಲಿತ್ತು ಎಂದು ವಿಚಾರಿಸಿ

ಬಹಳಷ್ಟು ಚಿತ್ರಗಳ ಬೀಗ ತೆರೆಯುವುದು ಇಲ್ಲಿಯೇ, ಮತ್ತು ಆರಂಭದ ಓದುಗರು ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆಯೂ ಇದೇ. ಲಂಡನ್ನಿನಲ್ಲಿರುವ ಬಾಟಿಚೆಲ್ಲಿಯ ‘ವೀನಸ್ ಮತ್ತು ಮಾರ್ಸ್’ ಕೇವಲ 69 ಸೆಂಟಿಮೀಟರ್ ಎತ್ತರ, ಆದರೆ 173 ಸೆಂಟಿಮೀಟರ್ ಅಗಲ. ಈ ಉದ್ದನೆಯ ಆಕಾರವೇ ಅದು ಮಲಗುವ ಕೋಣೆಯ ಮರದ ಸಾಮಾನಿಗೋ ಗೋಡೆಯ ಹಲಗೆಸಾಲಿಗೋ ಕೂಡಿಸಿದ್ದಿರಬೇಕೆಂದು ಸೂಚಿಸುತ್ತದೆ. ವೀನಸ್ ಉಡುಪು ಧರಿಸಿ ಎಚ್ಚರವಾಗಿ ಕುಳಿತಿದ್ದಾಳೆ, ಯುದ್ಧದೇವತೆ ಬಾಯಿ ತೆರೆದು ಗಾಢ ನಿದ್ರೆಯಲ್ಲಿದ್ದಾನೆ, ಆಡಿನ ಕಾಲಿನ ಸ್ಯಾಟಿರ್ ಮಕ್ಕಳು ಅವನ ಈಟಿಯನ್ನು ಹೊತ್ತು ಆಡುತ್ತಿವೆ, ಒಂದು ಮಗು ಅವನ ಕಿವಿಯೊಳಗೇ ಶಂಖ ಊದುತ್ತಿದೆ. ಆದರೂ ಅವನಿಗೆ ಎಚ್ಚರವಿಲ್ಲ. ಅವನ ತಲೆಯ ಬಳಿ ಕಣಜಗಳು ಸುತ್ತುತ್ತಿವೆ. ಇಟಾಲಿಯನ್ನಿನಲ್ಲಿ ಕಣಜದ ಹೆಸರನ್ನು ಹೋಲುವ ವೆಸ್ಪುಚಿ ಮನೆತನಕ್ಕಾಗಿ ಈ ಚಿತ್ರವನ್ನು ಬರೆದಿರಬಹುದೆಂದು ಊಹಿಸುವವರಿದ್ದಾರೆ. ಪ್ರೇಮ ಯುದ್ಧವನ್ನು ಗೆಲ್ಲುತ್ತದೆ ಎಂಬ ಘೋಷಣೆ ಹೊಸ ದಂಪತಿಗಳ ಕೋಣೆಯಲ್ಲಿ ನಗು ಹುಟ್ಟಿಸುವ ಮಾತಾಗಿಯೂ ಕೇಳಿಸಿರಬೇಕು.

ಮೆಟ್ರೋಪಾಲಿಟನ್ ಸಂಗ್ರಹಾಲಯದ ಲೊರೆಂಜೊ ಲೊಟ್ಟೊನ ‘ವೀನಸ್ ಮತ್ತು ಕ್ಯೂಪಿಡ್’ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ಕ್ಯೂಪಿಡ್ ಹಸಿರು ಹಾರದೊಳಗಿಂದ ವೀನಸ್‌ಳ ಮೇಲೆ ಮೂತ್ರ ಮಾಡುತ್ತಿದ್ದಾನೆ. ಮದುವೆಗಾಗಿ ಬರೆದ ಚಿತ್ರವೆಂದು ತಿಳಿಯುವವರೆಗೆ ಇದು ಅಶ್ಲೀಲವಾಗಿ ಕಾಣುತ್ತದೆ. ಅವಳ ತಲೆಯ ಕಿರೀಟ, ಮೇಲುಸೆರಗು, ಕಿವಿಯ ಮುತ್ತು ಇವು ಆ ಕಾಲದ ವಧುವಿನ ಶೃಂಗಾರವೆಂದೂ ಆ ಧಾರೆ ಸಂತಾನವಾಗಲಿ ಎಂಬ ಹಾರೈಕೆಯೆಂದೂ ತಿಳಿದ ಮೇಲೆ ಇಡೀ ಚಿತ್ರ ಆಶೀರ್ವಾದವಾಗಿ ಮಾರ್ಪಡುತ್ತದೆ.

ರೋಮಿನ ಬೊರ್ಗೇಸೆ ಗ್ಯಾಲರಿಯಲ್ಲಿರುವ, ಟಿಷಿಯನ್ ಸುಮಾರು 1514ರಲ್ಲಿ ಬರೆದ ‘ಪವಿತ್ರ ಪ್ರೇಮ ಮತ್ತು ಲೌಕಿಕ ಪ್ರೇಮ’ದಲ್ಲಿ ಕಲ್ಲಿನ ತೊಟ್ಟಿಯ ಎರಡು ತುದಿಗಳಲ್ಲಿ ಇಬ್ಬರು ಹೆಂಗಸರಿದ್ದಾರೆ: ಒಬ್ಬಳು ಬಿಳಿಯ ರೇಷ್ಮೆಯುಟ್ಟು ಕೈಗವಸು ತೊಟ್ಟವಳು, ಇನ್ನೊಬ್ಬಳು ಬೆತ್ತಲೆಯಾಗಿ ದೀಪವೆತ್ತಿ ಹಿಡಿದವಳು. ನಡುವೆ ಕ್ಯೂಪಿಡ್ ತೊಟ್ಟಿಯ ನೀರನ್ನು ಕದಡುತ್ತಿದ್ದಾನೆ. ಬಟ್ಟೆಯುಟ್ಟವಳೇ ಪವಿತ್ರಳೆಂದು ನಾವು ಊಹಿಸುತ್ತೇವೆ. ಫ್ಲಾರೆನ್ಸಿನ ತತ್ತ್ವಜ್ಞಾನಿ ಫಿಚೀನೊ ಪ್ಲೇಟೊನ ‘ಸಿಂಪೋಸಿಯಂ’ಗೆ ಬರೆದ ವ್ಯಾಖ್ಯಾನದಲ್ಲಿ ದಿವ್ಯ ವೀನಸ್ ಮತ್ತು ಭೌಮ ವೀನಸ್ ಎಂದು ಇಬ್ಬರನ್ನು ಹೇಳಿದ್ದಾನೆ, ಆ ಬೆಳಕಿನಲ್ಲಿ ನೋಡಿದ ಕಲಾ ಇತಿಹಾಸಕಾರ ಪನೋಫ್ಸ್ಕಿ, ಲೋಕದ ಆಭರಣಗಳನ್ನು ಬಿಟ್ಟ ಬೆತ್ತಲೆಯವಳೇ ದಿವ್ಯಳೆಂದು ವಾದಿಸಿದನು. ಆದರೆ ಆ ಶೀರ್ಷಿಕೆ ಸಿಗುವುದು 1693ರ ದಾಖಲೆಯೊಂದರಲ್ಲಿ, ಅಂದರೆ ಚಿತ್ರ ಬರೆದು ಸುಮಾರು ನೂರೆಂಬತ್ತು ವರ್ಷಗಳ ತರುವಾಯ. ತೊಟ್ಟಿಯ ಮೇಲಿರುವ ಲಾಂಛನ ವೆನಿಸ್ಸಿನ ಅಧಿಕಾರಿ ನಿಕೊಲೊ ಔರೇಲಿಯೊನದು. ಅವನು 1514ರಲ್ಲಿ ಮದುವೆಯಾದ ಲಾರಾ ಬಗರೊಟ್ಟೊಳ ತಂದೆಯನ್ನು ರಾಜದ್ರೋಹದ ಆರೋಪದ ಮೇಲೆ ವೆನಿಸ್ ಸರ್ಕಾರ ಗಲ್ಲಿಗೇರಿಸಿತ್ತು. ಇಷ್ಟು ತಿಳಿದ ಮೇಲೆ ನನಗೆ ಆ ಬಿಳಿಯುಡುಪಿನವಳು ತತ್ತ್ವದ ಮೂರ್ತಿಯಾಗಿ ಕಾಣುವುದಕ್ಕಿಂತ ಒಬ್ಬ ವಧುವಾಗಿಯೂ ಅವಳತ್ತ ಬಾಗಿದ ಬೆತ್ತಲೆಯವಳು ಅವಳನ್ನು ದಾಂಪತ್ಯಕ್ಕೆ ಕರೆಯಲು ಬಂದ ವೀನಸ್ ಆಗಿಯೂ ಕಾಣುತ್ತಾರೆ.

ಆರನೆಯ ಹೆಜ್ಜೆ: ವಸ್ತುಗಳು ಒಂದಕ್ಕೊಂದು ಜಗಳವಾಡಿದರೆ

ಸುಮಾರು 1545ರಲ್ಲಿ ಬ್ರಾಂಜಿನೊ ಬರೆದ, ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ನಿಗೆ ಹೋದ, ಈಗ ಲಂಡನ್ನಿನಲ್ಲಿರುವ ‘ವೀನಸ್ ಮತ್ತು ಕ್ಯೂಪಿಡ್‌ರ ರೂಪಕ’ವನ್ನು ಈ ಐದು ಹೆಜ್ಜೆಗಳೂ ರೂಢಿಯಾದ ಮೇಲೆಯೇ ತೆಗೆದುಕೊಳ್ಳಬೇಕು. ವೀನಸ್‌ಳ ಒಂದು ಕೈಯಲ್ಲಿ ಚಿನ್ನದ ಸೇಬು, ಇನ್ನೊಂದರಲ್ಲಿ ಮಗನ ಬತ್ತಳಿಕೆಯಿಂದ ಸದ್ದಿಲ್ಲದೆ ತೆಗೆದ ಬಾಣ. ಕ್ಯೂಪಿಡ್ ಎಳೆಯ ಮಗುವಲ್ಲ. ತಾಯಿಗೆ ಕೊಡಬಾರದ ಮುತ್ತನ್ನು ಕೊಡುತ್ತಿರುವ ಹುಡುಗ. ಬಲದಿಂದ ಇನ್ನೊಬ್ಬ ಹುಡುಗ ಹಿಡಿತುಂಬ ಗುಲಾಬಿಗಳನ್ನು ಎಸೆಯಲು ನಗುತ್ತ ಬರುತ್ತಿದ್ದಾನೆ. ಅವನ ಕಾಲನ್ನು ಹಿಗ್ಗಿಸಿದರೆ ಪಾದಕ್ಕೆ ಮುಳ್ಳು ಚುಚ್ಚಿಕೊಂಡಿರುವುದು ಕಾಣುತ್ತದೆ, ಅವನ ನಗು ಮಾತ್ರ ಹಾಗೆಯೇ ಇದೆ. ಅವನ ಹಿಂದೆ ಚೆಲುವಾದ ಮುಖದ ಹುಡುಗಿಯೊಬ್ಬಳು ಜೇನುಹುಟ್ಟಿನ ತುಂಡನ್ನು ನೀಡುತ್ತಿದ್ದಾಳೆ. ಅವಳ ಹಸಿರು ಉಡುಪಿನ ಕೆಳಗೆ ಹುರುಪೆಯ ಮೈ, ಸುರುಳಿಯಾದ ಬಾಲ ಇವೆ. ಇನ್ನೊಂದು ಕೈಯಲ್ಲಿ ಬಾಲದ ಕೊಂಡಿಯನ್ನು ಹಿಡಿದಿದ್ದಾಳೆ. ಅವಳ ಕೈಗಳನ್ನು ಸಾವಧಾನವಾಗಿ ನೋಡಿ: ಬಲದೋಳಿಗೆ ಎಡಗೈ, ಎಡದೋಳಿಗೆ ಬಲಗೈ ಕೂಡಿಸಿದೆ. ಎಡಬದಿಯ ಕತ್ತಲಲ್ಲಿ ತಲೆಗೂದಲು ಕಿತ್ತುಕೊಂಡು ಚೀರುವ ಆಕೃತಿಯಿದೆ. ಮೇಲೆ ಬೋಳುತಲೆಯ, ರೆಕ್ಕೆಯ ಮುದುಕ, ಬೆನ್ನ ಮೇಲೆ ಮರಳು ಗಡಿಯಾರ ಹೊತ್ತ ಕಾಲಪುರುಷ, ನೀಲಿ ಪರದೆಯನ್ನು ಸೆಳೆಯುತ್ತಿದ್ದಾನೆ.

ವಸಾರಿ ಇದರಲ್ಲಿ ಸುಖ, ಆಟ, ವಂಚನೆ, ಅಸೂಯೆಗಳನ್ನು ಹೆಸರಿಸಿದ್ದಾನೆ. ಯಾವ ಹೆಸರು ಯಾವ ಆಕೃತಿಗೆ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಇಂಥ ಚಿತ್ರದೆದುರು ಪ್ರತಿಯೊಂದು ವಸ್ತುವಿಗೂ ಅದರ ವಿರುದ್ಧವನ್ನು ಜೋಡಿಸಿ ಬರೆದುಕೊಳ್ಳುವುದು ಒಳ್ಳೆಯ ವಿಧಾನ: ಗುಲಾಬಿಗೆ ಮುಳ್ಳು, ಜೇನಿಗೆ ಕೊಂಡಿ, ಮುತ್ತಿಗೆ ಕದ್ದ ಬಾಣ. ಕ್ರಾನಾಖ್ ಕೂಡ ಜೇನು ಕದಿಯಲು ಹೋಗಿ ಕಚ್ಚಿಸಿಕೊಂಡು ತಾಯಿಗೆ ದೂರು ಹೇಳುವ ಕ್ಯೂಪಿಡ್‌ನನ್ನು ಬರೆದಿದ್ದಾನೆ. ಅಲ್ಲಿ ಆ ಸಂಗತಿ ಎಚ್ಚರಿಕೆಯ ಪುಟ್ಟ ಕಥೆಯಾಗಿದೆ, ಬ್ರಾಂಜಿನೊನಲ್ಲಿ ಅದೇ ಜೇನು ಮತ್ತು ಕೊಂಡಿ ಒಬ್ಬಳದೇ ಎರಡು ಕೈಗಳಲ್ಲಿವೆ.

ಏಳನೆಯ ಹೆಜ್ಜೆ: ಆಮೇಲೆ ಯಾರು ಕೈಯಾಡಿಸಿದರು?

ಇದನ್ನು ಚಿಕ್ಕದಾಗಿಯೇ ಹೇಳಬಹುದು. ಬ್ರಾಂಜಿನೊನ ಚಿತ್ರದಲ್ಲಿ ವೀನಸ್‌ಳ ನಾಲಗೆಯ ಮೇಲೆ ಬಳಿದಿದ್ದ ಮರ್ಯಾದೆಯ ಬಣ್ಣವನ್ನು ತೆಗೆದದ್ದು 1958ರ ಶುದ್ಧೀಕರಣದಲ್ಲಿ. ಡ್ರೆಸ್ಡೆನ್ನಿನಲ್ಲಿರುವ ಜಾರ್ಜೋನೆಯ ‘ನಿದ್ರಿಸುವ ವೀನಸ್’ಳ ಕಾಲ ಬಳಿ ಒಬ್ಬ ಕ್ಯೂಪಿಡ್ ಇದ್ದ; ಹಾಳಾಗಿದ್ದ ಅವನನ್ನು 19ನೆಯ ಶತಮಾನದಲ್ಲಿ ಬಣ್ಣದಿಂದ ಮುಚ್ಚಿದರು. ಆ ಮಗು ಇದ್ದಾಗ ಅವಳು ನಿಸ್ಸಂದೇಹವಾಗಿ ವೀನಸ್, ಈಗ ನೋಡುವವರಿಗೆ ಬಯಲಲ್ಲಿ ಮಲಗಿದ ಹೆಣ್ಣು. ಬರ್ಲಿನ್ನಿನಲ್ಲಿರುವ ಕೊರೆಜ್ಜೊನ ‘ಲೀಡಾ’ಳ ತಲೆಯನ್ನು 18ನೆಯ ಶತಮಾನದಲ್ಲಿ ಅದರ ಒಡೆಯನಾದ ಓರ್ಲಿಯನ್ಸಿನ ಡ್ಯೂಕ್ ನಾಶಮಾಡಿದ್ದರಿಂದ ನಾವು ಕಾಣುವ ಮುಖ ಕೊರೆಜ್ಜೊನದಲ್ಲ. ಆದ್ದರಿಂದ ಚಿತ್ರದ ಮುಖಭಾವದ ಬಗ್ಗೆ ಏನನ್ನಾದರೂ ಬರೆಯುವ ಮೊದಲು ಸಂಗ್ರಹಾಲಯದ ಪುಟದಲ್ಲಿ ದುರಸ್ತಿಯ ವಿವರವನ್ನು ಓದಿ.

ಅಭ್ಯಾಸಕ್ಕೆ ಒಂದು ಚಿತ್ರ

ಮ್ಯೂನಿಕ್ಕಿನ ಆಲ್ಟೆ ಪಿನಾಕೊಟೆಕ್‌ನಲ್ಲಿ ಟಿಂಟೊರೆಟ್ಟೊ 1550ರ ಸುಮಾರಿಗೆ ಬರೆದ ‘ವೀನಸ್, ವಲ್ಕನ್ ಮತ್ತು ಮಾರ್ಸ್’ ಇದೆ. ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಕಣ್ಣಿಗೆ ಕಂಡದ್ದನ್ನು ಮಾತ್ರ, ಬಲಕ್ಕೆ ಅದರಿಂದ ಊಹಿಸಿದ್ದನ್ನು ಬರೆಯಿರಿ. ಮುದುಕ ಗಂಡ ಏನನ್ನು ಹುಡುಕುತ್ತಿದ್ದಾನೆ, ಕ್ಯೂಪಿಡ್‌ನ ನಿದ್ರೆ ನಿಜವಾದದ್ದೇ, ಹಿಂದಿನ ದುಂಡು ಕನ್ನಡಿಯಲ್ಲಿ ಯಾರ ಬೆನ್ನು ಕಾಣುತ್ತದೆ, ಪುಟ್ಟ ನಾಯಿ ಯಾವ ಕಡೆಗೆ ಬೊಗಳುತ್ತಿದೆ ಎಂಬ ನಾಲ್ಕು ಪ್ರಶ್ನೆಗಳು ಸಾಕು. ನಾಯಿಯ ಮೂತಿಯ ದಿಕ್ಕಿನಲ್ಲಿ ಮೇಜಿನ ಕೆಳಗೆ ನೋಡಿದರೆ ಶಿರಸ್ತ್ರಾಣ ತೊಟ್ಟ ಮಾರ್ಸ್‌ನ ತಲೆ ಸಿಗುತ್ತದೆ. ಅದಾದ ಮೇಲೆ ಓವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದ ನಾಲ್ಕನೆಯ ಸರ್ಗವನ್ನು ತೆರೆದು, ವಲ್ಕನ್ ಕಣ್ಣಿಗೆ ಕಾಣದ ಲೋಹದ ಬಲೆಯಿಂದ ಇಬ್ಬರನ್ನೂ ಹಿಡಿದದ್ದನ್ನು ಓದಿ, ಟಿಂಟೊರೆಟ್ಟೊ ಆ ಬಲೆಯನ್ನೇಕೆ ಬಿಟ್ಟಿರಬಹುದೆಂದು ಹಾಳೆಯ ಬಲಭಾಗದಲ್ಲಿ ಬರೆದುಕೊಳ್ಳಿ.